ಮೆಳೆಯ ಬುಡದ ಮುಳ್ಳು

ಕಳೆದ ವರ್ಷ ಪದವಿ ತರಗತಿಯೊಂದರಲ್ಲಿ ಪಾಠ ಹೇಳುತ್ತಿದ್ದಾಗ 'ಮೆಳೆ' ಎಂಬ ಶಬ್ದ ಬಂದಿತು. ಅರ್ಥವೇನೆಂದು ಕೇಳಿದೆ. ತರಗತಿಯ ಬಹುಮಂದಿ ತಲೆ ತಗ್ಗಿಸಿದರು. ಒಬ್ಬಳು ಅನುಮಾನದಿಂದ 'ಪೊದೆ' ಎಂದಳು. ಕೊನೆಯ ಬೆಂಚಿನ ಹುಡುಗನೊಬ್ಬ ಮಾತ್ರ ಎದ್ದು ನಿಂತು, "ಬಿದಿರಿನ ಮೆಳೆ ಸಾರ್. ಒಂದೇ ಬುಡದಿಂದ ಎದ್ದ ಬಿದಿರೆಲ್ಲ ಸೇರಿದರೆ ಮೆಳೆ. ನಮ್ಮ ಅಜ್ಜ ಮೊರ, ಬುಟ್ಟಿ ಹೆಣೆಯುವವರು. ಮೆಳೆಯ ಬುಡದ ಮುಳ್ಳಿಗೆ ಕತ್ತಿ ಹಾಕಬಾರದು ಅಂತ ಹೇಳುತ್ತಿರುತ್ತಾರೆ" ಎಂದ. ಏಕೆ ಹಾಕಬಾರದು ಎಂದು ಕೇಳಿದೆ. "ಗೊತ್ತಿಲ್ಲ ಸಾರ್. ಹಾಕಿದರೆ ಮೆಳೆ ಹಾಳಾಗುತ್ತದಂತೆ" ಎಂದು ಕುಳಿತುಬಿಟ್ಟ.

ಆ ಮಾತು ನನ್ನನ್ನು ಹಲವು ದಿನ ಕಾಡಿತು. ನಿಘಂಟಿನಲ್ಲಿ ಮೆಳೆಗೆ ಅರ್ಥವುಂಟು. ಅಜ್ಜನ ಎಚ್ಚರಿಕೆಗೆ ಕಾರಣ ಅಲ್ಲಿಲ್ಲ. ಕೊನೆಗೆ ಸಸ್ಯಶಾಸ್ತ್ರದ ಸಹೋದ್ಯೋಗಿಯೊಬ್ಬರ ಬಳಿ ಹೋದೆ. ಅವರು ನಕ್ಕು, "ನಿಮ್ಮ ಪ್ರಶ್ನೆಗೆ ಉತ್ತರ ಬಂದು ನಲವತ್ತು ವರ್ಷದ ಮೇಲಾಯಿತಲ್ಲ ಮೇಷ್ಟ್ರೆ" ಎಂದು ಕೆಲವು ಬರಹಗಳನ್ನು ಹುಡುಕಿಕೊಟ್ಟರು. ಅವನ್ನು ಓದಿ ಮುಗಿಸಿದಾಗ ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಅಜ್ಜನ ಮಾತು ನಿಜವೆಂದು ತಿಳಿದುದು ಸಂತೋಷ. ಕನ್ನಡನಾಡಿನ ಕಾಡಿನಲ್ಲಿ, ಕನ್ನಡ ಜನರ ಮಾತನ್ನು ಕೇಳಿ ಹೊರಟ ಶೋಧನೆಯ ಫಲ ಆ ಅಜ್ಜನ ಮನೆಗೆ ಇನ್ನೂ ತಲಪದೆ ಇಂಗ್ಲಿಷಿನಲ್ಲಿಯೇ ಉಳಿದುಹೋಗಿದೆಯಲ್ಲ ಎಂಬುದು ನಾಚಿಕೆ. ಈ ಲೇಖನ ಆ ಎರಡರಿಂದಲೂ ಹುಟ್ಟಿದ್ದು. ನಾನು ವಿಜ್ಞಾನಿಯಲ್ಲ, ಕನ್ನಡ ಪಾಠ ಹೇಳುವವನು. ಆದರೂ ಕಾಡು, ನೀರು, ಮಣ್ಣುಗಳನ್ನು ಕುರಿತ ಸಂಶೋಧನೆಯ ವಿಷಯದಲ್ಲಿ ಭಾಷೆಯ ಉಪಾಧ್ಯಾಯನಿಗೂ ಹೇಳುವ ಮಾತೊಂದಿದೆ ಎಂದು ನನಗೆ ತೋರುತ್ತದೆ.

ಮೊದಲು ಬಿದಿರಿನ ಕಥೆಯನ್ನೇ ಹೇಳುತ್ತೇನೆ.

ಬಿದಿರು ನಮ್ಮಲ್ಲಿ ತೊಟ್ಟಿಲಿನಿಂದ ಚಟ್ಟದವರೆಗೆ ಜೊತೆಗೆ ಬರುವ ಗಿಡ. ಕೇರುವ ಮೊರ, ಹೊರುವ ಬುಟ್ಟಿ, ಹತ್ತುವ ಏಣಿ, ಊದುವ ಕೊಳಲು ಎಲ್ಲವೂ ಅದರಿಂದಲೇ. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯನ ಕಾಯಕ ಬಿದಿರು ಕಡಿದು ತಂದು ಹೆಣೆದು ಮಾರುವುದೇ ಆಗಿತ್ತು. ಮಳೆಗಾಲ ಹಿಡಿದೊಡನೆ ಮೆಳೆಯ ಬುಡದಿಂದ ಕಳಲೆ ಏಳುತ್ತದೆ. ಕೆಲವೇ ತಿಂಗಳಲ್ಲಿ ಅದು ತನ್ನ ಪೂರ್ಣ ಎತ್ತರವನ್ನು ಮುಟ್ಟಿಬಿಡುತ್ತದೆ. ಅನಂತರ ಅದು ಬಲಿಯುತ್ತದೆಯೇ ಹೊರತು ದಪ್ಪವಾಗುವುದಿಲ್ಲ. ಆದುದರಿಂದ ಮೆಳೆಯ ಭವಿಷ್ಯವೆಲ್ಲ ಮಳೆಗಾಲದ ಆ ಎಳೆಯ ಕಳಲೆಯ ಮೇಲೆ ನಿಂತಿದೆ. ಕಳಲೆ ಉಳಿದರೆ ಮೆಳೆ ಉಳಿಯಿತು.

1950ರ ದಶಕದ ಕೊನೆಯಲ್ಲಿ ಉತ್ತರ ಕನ್ನಡದ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಪ್ರಾರಂಭವಾಯಿತು. ದೇಶಕ್ಕೆ ಕಾಗದ ಬೇಕಾಗಿತ್ತು. ನಮ್ಮಂಥ ಪುಸ್ತಕದ ಜನರಿಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಾಗಿತ್ತು. ಕಾಡಿನ ಬಿದಿರನ್ನು ಸರ್ಕಾರ ಕಾರ್ಖಾನೆಗೆ ಹೆಸರಿಗೆ ಮಾತ್ರ ಬೆಲೆ ಎನ್ನುವಂಥ ದರದಲ್ಲಿ ಕೊಟ್ಟಿತು. ಕಾಡಿನಲ್ಲಿ ಇಷ್ಟು ಬಿದಿರಿದೆ, ವರ್ಷಕ್ಕೆ ಇಷ್ಟು ಕಡಿದರೂ ಮತ್ತೆ ಬೆಳೆಯುತ್ತದೆ ಎಂಬ ಲೆಕ್ಕ ಕಡತದಲ್ಲಿತ್ತು. ಆದರೆ ಕಡತದಲ್ಲಿದ್ದಷ್ಟು ಬಿದಿರು ಕಾಡಿನಲ್ಲಿರಲಿಲ್ಲ. ಹತ್ತಿರದ ಮೆಳೆಗಳು ಬರಿದಾದಂತೆ ಕತ್ತಿ ದೂರದ ಕಾಡಿಗೆ ಹೋಯಿತು. 1970ರ ದಶಕದ ಹೊತ್ತಿಗೆ ನಾಡಿನ ಬುಟ್ಟಿ ಹೆಣೆಯುವವರು ತಮಗೆ ಬಿದಿರೇ ಸಿಗದಂತಾಗಿದೆ ಎಂದು ಗೋಳಿಡತೊಡಗಿದರು. ಕಾರ್ಖಾನೆಯ ಕಡೆಯವರು ದನಗಳನ್ನೂ ಹಳ್ಳಿಯವರನ್ನೂ ದೂರಿದರು. ಹಳ್ಳಿಯವರು ಕಾರ್ಖಾನೆಯನ್ನು ದೂರಿದರು. ಎರಡು ಕಡೆಯಲ್ಲಿಯೂ ಮಾತಿತ್ತು. ಯಾವ ಕಡೆಯಲ್ಲಿಯೂ ಎಣಿಕೆಯಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1973ರಲ್ಲಿ ಬಂದು ಸೇರಿದ್ದ ಮಾಧವ ಗಾಡ್ಗೀಳರು, ರಾಜ್ಯ ಸರ್ಕಾರದ ಕೋರಿಕೆಯ ಮೇಲೆ, ನರೇಂದ್ರ ಪ್ರಸಾದರೊಡನೆ ಈ ವಿಷಯವನ್ನು ಕೈಗೆತ್ತಿಕೊಂಡರು. ಅವರು ಕಡತದಿಂದ ಪ್ರಾರಂಭಿಸಲಿಲ್ಲ; ಕಾಡಿಗೆ ಹೋಗಿ ಮೆಳೆಗಳ ಮುಂದೆ ನಿಂತರು. ಅಲ್ಲೊಂದು ಪದ್ಧತಿ ಅವರ ಕಣ್ಣಿಗೆ ಬಿದ್ದಿತು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡು ಒಂದು ಬೇಲಿಯಂತೆ ಇರುತ್ತವೆ. ಈ ಮುಳ್ಳನ್ನು ಸವರಿ ತೆಗೆದರೆ ಮೆಳೆಯ ಇಕ್ಕಟ್ಟು ಕಡಮೆಯಾಗಿ ಬಿದಿರು ನೆಟ್ಟಗೆ, ಚೆನ್ನಾಗಿ ಬೆಳೆಯುತ್ತದೆ ಎಂಬುದು ಅರಣ್ಯಶಾಸ್ತ್ರದ ಅಂದಿನ ವಿಧಿ. ಕಡಿಯುವವನಿಗೂ ಅದರಿಂದ ಅನುಕೂಲ. ಹೀಗಾಗಿ ಎಲ್ಲ ಕಡೆಯಲ್ಲಿಯೂ ಮುಳ್ಳನ್ನು ಸವರಲಾಗುತ್ತಿತ್ತು.

ಹಳ್ಳಿಯವರನ್ನು ಕೇಳಿದರೆ ಅವರು ಹೇಳಿದ್ದೇ ಬೇರೆ. ಮುಳ್ಳನ್ನು ತೆಗೆದರೆ ಕಳಲೆಗೆ ರಕ್ಷಣೆಯಿಲ್ಲ. ದನ ಬರುತ್ತದೆ, ಮುಳ್ಳುಹಂದಿ ಬರುತ್ತದೆ, ಮುಸುವ ಬರುತ್ತದೆ, ಎಲ್ಲವೂ ಎಳೆಯ ಕಳಲೆಯನ್ನು ತಿಂದುಹಾಕುತ್ತವೆ ಎಂದು ಅವರು ಹೇಳಿದರು. ಈ ಎರಡು ಮಾತುಗಳಲ್ಲಿ ಒಂದು ನಿಜವಾದರೆ ಇನ್ನೊಂದು ಸುಳ್ಳು. ಇಲಾಖೆಯ ಮಾತಿಗೆ ಮುದ್ರೆಯ ಬಲವಿತ್ತು. ಹಳ್ಳಿಯ ಮಾತಿಗೆ ಅನುಭವದ ಬಲವಿತ್ತು. ಸಂಶೋಧಕರು ಎರಡಕ್ಕೂ ಒಮ್ಮೆಗೇ ತಲೆದೂಗಲಿಲ್ಲ. ಮುಳ್ಳು ಸವರಿದ ಮೆಳೆಗಳನ್ನೂ ಸವರದ ಮೆಳೆಗಳನ್ನೂ ಹೋಲಿಸಿ ನೋಡಿದರು. ಎದ್ದ ಕಳಲೆ ಎಷ್ಟು, ಬಿದಿರಾಗಿ ನಿಂತುದು ಎಷ್ಟು ಎಂದು ಎಣಿಸಿದರು. ಹಳ್ಳಿಯವರ ಮಾತೇ ನಿಜವೆಂದು ತಿಳಿಯಿತು. ಮೆಳೆಯ ಹಿತಕ್ಕೆಂದು ಮಾಡುತ್ತಿದ್ದ ಉಪಚಾರವೇ ಮೆಳೆಗೆ ಮುಳುವಾಗಿತ್ತು. ಈ ಅಧ್ಯಯನ 1980ರ ಸುಮಾರಿಗೆ ವರದಿಯಾಗಿ ಹೊರಬಂದಿತು. ಬಿದಿರಿನ ನಾಶಕ್ಕೆ ಮುಳ್ಳು ಸವರಿದ್ದೊಂದೇ ಕಾರಣವಲ್ಲ. ಮಿತಿಮೀರಿದ ಕಟಾವೂ ಮೇವೂ ಸೇರಿದ್ದವು. ಆದರೆ ಕೈಯಲ್ಲಿ ಕತ್ತಿ ಹಿಡಿದವನು ನಾಳೆಯಿಂದಲೇ ಬಿಡಬಹುದಾಗಿದ್ದ ತಪ್ಪು ಅದೊಂದಿತ್ತು.

ನನ್ನ ವಿದ್ಯಾರ್ಥಿಯ ಅಜ್ಜನ ಎಚ್ಚರಿಕೆಗೆ ಉತ್ತರ ಇಷ್ಟೇ: ಮುಳ್ಳು ಕಳಲೆಯ ಬೇಲಿ.

ಈ ಕಥೆಯನ್ನು ಹೇಳಿದೊಡನೆ ಕೆಲವರು, "ನೋಡಿದಿರಾ, ನಮ್ಮ ಹಿರಿಯರಿಗೆ ಎಲ್ಲವೂ ತಿಳಿದಿತ್ತು, ವಿಜ್ಞಾನವೇಕೆ?" ಎನ್ನುವುದುಂಟು. ಈ ಹೆಮ್ಮೆ ನನಗೆ ಒಪ್ಪಿಗೆಯಾಗದು. ಬಿದಿರಿನ ವಿಷಯವಾಗಿಯೇ ಇನ್ನೊಂದು ನಂಬಿಕೆಯುಂಟು: ಬಿದಿರು ಹೂ ಬಿಟ್ಟರೆ ನಾಡಿಗೆ ಬರ. ಬಿದಿರು ಅನೇಕ ದಶಕಗಳಿಗೊಮ್ಮೆ, ಒಂದು ಪ್ರದೇಶದಲ್ಲೆಲ್ಲ ಏಕಕಾಲಕ್ಕೆ ಹೂ ಬಿಟ್ಟು, ಬಿದಿರಕ್ಕಿಯನ್ನು ಸುರಿದು, ಸತ್ತುಹೋಗುತ್ತದೆ. ಒಬ್ಬ ಮನುಷ್ಯ ತನ್ನ ಆಯುಷ್ಯದಲ್ಲಿ ಒಂದು ಸಲವೋ ಎರಡು ಸಲವೋ ನೋಡುವ ಈ ಮಹಾಮರಣಕ್ಕೆ ಜನ ಬರದ ಮುನ್ಸೂಚನೆಯ ಅರ್ಥವನ್ನು ಕೊಟ್ಟುದು ಸಹಜವೇ. ಆದರೆ ಬಿದಿರು ಹೂ ಬಿಡುವುದು ತನ್ನ ಒಳಗಿನ ಗಡಿಯಾರದಂತೆ; ಮುಂದಿನ ವರ್ಷದ ಮಳೆಯನ್ನು ಅದು ಬಲ್ಲುದೂ ಅಲ್ಲ, ತಡೆಯುವುದೂ ಅಲ್ಲ. ಹಾಗಾದರೆ ಈ ನಂಬಿಕೆ ಬರಿಯ ಮೌಢ್ಯವೆ? ಅದಕ್ಕೆ ಉತ್ತರ ನಮ್ಮ ನಾಡಿನಿಂದ ಬಹಳ ದೂರದ ಮಿಜೋರಾಮಿನ ಬೆಟ್ಟಗಳಲ್ಲಿದೆ.

ಅಲ್ಲಿಯ ಕಾಡುಗಳನ್ನು ತುಂಬಿರುವ ಬಿದಿರಿನ ಜಾತಿಯೊಂದು ಸುಮಾರು 48 ವರ್ಷಗಳಿಗೊಮ್ಮೆ ಹೂ ಬಿಡುತ್ತದೆ. ಇದಕ್ಕೆ ಮಿಜೋ ಜನ 'ಮೌತಾಮ್' ಎನ್ನುತ್ತಾರೆ. ಬಿದಿರಿನ ಸಾವು ಎಂದು ಅದರ ಅರ್ಥ. ಹೂವಿನ ಹಿಂದೆ ಕಾಯಿ, ಕಾಯಿಯ ಹಿಂದೆ ಇಲಿ, ಇಲಿಯ ಹಿಂದೆ ಹಸಿವು ಬರುತ್ತದೆ ಎಂದು ಅಲ್ಲಿಯ ಹಿರಿಯರಿಗೆ ತಿಳಿದಿತ್ತು. 1950ರ ದಶಕದ ಕೊನೆಯಲ್ಲಿ ಅವರು ಮುಂದೆ ಒದಗುವ ಕ್ಷಾಮವನ್ನು ಕುರಿತು ಎಚ್ಚರಿಸಿದರು. ಆಗ ಆ ಬೆಟ್ಟಗಳು ಅಸ್ಸಾಮಿನ ಆಡಳಿತದಲ್ಲಿದ್ದವು. ಅಲ್ಲಿಯ ಸರ್ಕಾರ ಅದನ್ನು ಬೆಟ್ಟದವರ ಮೂಢನಂಬಿಕೆಯೆಂದು ಬದಿಗೊತ್ತಿತು. 1959ರಲ್ಲಿ ಬಿದಿರು ಹೂ ಬಿಟ್ಟಿತು. ಕಾಯಿ ತಿಂದು ಸಂಖ್ಯೆ ಹೆಚ್ಚಿಸಿಕೊಂಡ ಇಲಿಗಳು, ಕಾಯಿ ಮುಗಿದೊಡನೆ ಗದ್ದೆಗೂ ಕಣಜಕ್ಕೂ ನುಗ್ಗಿದವು. ಕ್ಷಾಮ ಬಂದಿತು. ಆ ಕ್ಷಾಮದ ಪರಿಹಾರಕ್ಕೆಂದು ಕಟ್ಟಿದ ಸಂಘವೇ ಮುಂದೆ ರಾಜಕೀಯ ಪಕ್ಷವಾಗಿ, 1966ರಲ್ಲಿ ಬಂಡಾಯವಾಗಿ, 1986ರ ಒಪ್ಪಂದದವರೆಗೆ ಎರಡು ದಶಕ ಆ ನೆಲದಲ್ಲಿ ನೆತ್ತರು ಹರಿಯಿತು. ಬಂಡಾಯಕ್ಕೆ ಬೇರೆ ಕಾರಣಗಳೂ ಇದ್ದವೆಂಬುದು ನಿಜ. ಆದರೆ ಕೇಳದೆ ಬಿಟ್ಟ ಒಂದು ಮಾತು ಅದರ ಬೇರಿನಲ್ಲಿದೆ.

ಅಮೆರಿಕದ ಡೇನಿಯಲ್ ಜಾನ್‌ಜೆನ್ ಎಂಬ ಜೀವವಿಜ್ಞಾನಿ 1976ರಲ್ಲಿ ಬಿದಿರಿನ ಈ ದೀರ್ಘ ನಿರೀಕ್ಷೆಗೆ ಒಂದು ಕಾರಣವನ್ನು ಸೂಚಿಸಿದ. ಎಲ್ಲ ಗಿಡಗಳೂ ಒಟ್ಟಿಗೆ ಕಾಯಿ ಬಿಟ್ಟರೆ, ತಿನ್ನುವ ಪ್ರಾಣಿಗಳು ಎಷ್ಟು ತಿಂದರೂ ಇನ್ನಷ್ಟು ಉಳಿದು ಮೊಳೆಯುತ್ತವೆ. ಒಂದೊಂದಾಗಿ ಬಿಟ್ಟರೆ ಒಂದೂ ಉಳಿಯಲಾರದು. ಹೀಗೆ ನೋಡಿದರೆ ಬಿದಿರಿನ ಸಮೃದ್ಧಿಯೂ ಇಲಿಯ ಸಂತತಿಯೂ ಮನುಷ್ಯನ ಹಸಿವೂ ಒಂದೇ ಸರಪಣಿಯ ಕೊಂಡಿಗಳು. ಮುಂದಿನ ಹೂವಿನ ಕಾಲ 2007ರ ಸುಮಾರಿಗೆ ಎಂದು ಮೊದಲೇ ಲೆಕ್ಕ ಸಿಕ್ಕಿತ್ತು. ಮಿಜೋರಾಮ್ ಸರ್ಕಾರ ಕೆಲವು ವರ್ಷ ಮುಂಚಿನಿಂದಲೇ ಅದಕ್ಕಾಗಿ ಯೋಜನೆಯನ್ನು ಹಾಕಿಕೊಂಡಿತು. ಬೆಳೆ ಹಾಳಾಗುವುದು ತಪ್ಪಲಿಲ್ಲ, ರೈತರ ಸಂಕಟವೂ ತಪ್ಪಲಿಲ್ಲ; ಆದರೆ ಈ ಸಲ ಯಾರೂ ಅದನ್ನು ಮೌಢ್ಯವೆಂದು ತಳ್ಳಿಹಾಕಲಿಲ್ಲ.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಹೂವಿನಿಂದ ಮಳೆ ನಿಲ್ಲುತ್ತದೆ ಎನ್ನುವುದು ತಪ್ಪು. ಹೂವಿನ ಹಿಂದೆ ಹಸಿವು ಬರಬಹುದು ಎನ್ನುವುದು ಸರಿ. ಜನರ ಮಾತಿನಲ್ಲಿ ಕಾಳೂ ಇರುತ್ತದೆ, ಜೊಳ್ಳೂ ಇರುತ್ತದೆ. ಅದನ್ನು ಹಾಗೆಯೇ ಬಿಸಾಡುವವನೂ ಹಾಗೆಯೇ ನುಂಗುವವನೂ ಇಬ್ಬರೂ ಅವಿವೇಕಿಗಳು. ಕೇರುವುದಕ್ಕೆ ಮೊರ ಬೇಕು. ಸಂಶೋಧನೆ ಎನ್ನುವುದು ಆ ಮೊರ.

ಹಾಗೆಂದ ಮೇಲೆ ವಿಜ್ಞಾನಿಯ ಮಾತನ್ನೂ ಅದೇ ಮೊರದಲ್ಲಿ ಹಾಕಬೇಡವೆ? ಖಂಡಿತವಾಗಿಯೂ ಹಾಕಬೇಕು, ಹಾಕಿದ ಒಂದು ನಿದರ್ಶನ ರಾಜಸ್ಥಾನದ ಭರತಪುರದಲ್ಲಿದೆ. ಅಲ್ಲಿಯ ಕೇವಲಾದೇವ ಘನ ಎಂಬುದು ಲೋಕಪ್ರಸಿದ್ಧವಾದ ಹಕ್ಕಿಗಳ ತಾಣ. ಚಳಿಗಾಲದಲ್ಲಿ ದೂರದೇಶಗಳಿಂದ ನೀರುಹಕ್ಕಿಗಳು ಬಂದಿಳಿಯುವ ಜೌಗುಭೂಮಿ. ಸುತ್ತಣ ಹಳ್ಳಿಗಳ ಎಮ್ಮೆಗಳು ಅದರಲ್ಲಿ ಮೇಯುತ್ತಿದ್ದವು. ಎಮ್ಮೆಗಳಿಂದ ಹಕ್ಕಿಗಳಿಗೆ ತೊಂದರೆಯೆಂಬುದು ಪಕ್ಷಿತಜ್ಞರ ನಂಬಿಕೆ. ಭಾರತದ ಪಕ್ಷಿಶಾಸ್ತ್ರಕ್ಕೆ ಹಿರಿಯರಾದ ಸಲೀಂ ಅಲಿಯವರೂ ಮೇವನ್ನು ನಿಲ್ಲಿಸಬೇಕೆಂಬ ಪಕ್ಷದಲ್ಲಿದ್ದರು. ರಾಷ್ಟ್ರೀಯ ಉದ್ಯಾನವಾದ ಆ ಸ್ಥಳದಲ್ಲಿ 1982ರಲ್ಲಿ ಮೇವನ್ನು ನಿಷೇಧಿಸಲಾಯಿತು. ಹಳ್ಳಿಯವರು ಪ್ರತಿಭಟಿಸಿದರು, ಪೊಲೀಸರು ಗುಂಡು ಹಾರಿಸಿದರು, ಕೆಲವರು ಪ್ರಾಣ ಕಳೆದುಕೊಂಡರು.

ಅನಂತರ ಆದುದೇನು? ಎಮ್ಮೆಗಳು ತಿನ್ನುತ್ತಿದ್ದ ನೀರುಹುಲ್ಲು ತಡೆಯಿಲ್ಲದೆ ಹಬ್ಬಿಕೊಂಡಿತು. ತೆರೆದ ನೀರು ಕಡಮೆಯಾಯಿತು. ಈಜುವ ಹಕ್ಕಿಗೂ ಆಳವಿಲ್ಲದ ನೀರಿನಲ್ಲಿ ಮೀನು ಹಿಡಿಯುವ ಹಕ್ಕಿಗೂ ಸ್ಥಳ ಇಕ್ಕಟ್ಟಾಯಿತು. ಇದನ್ನು ಕಂಡುಹಿಡಿದವರು ವಿಜ್ಞಾನದ ವಿರೋಧಿಗಳಲ್ಲ. ಸಲೀಂ ಅಲಿಯವರ ಸ್ವಂತ ಸಂಸ್ಥೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರೇ. 1980ರಿಂದ 1990ರವರೆಗೆ ಹತ್ತು ವರ್ಷ ಅವರು ಅಲ್ಲಿ ನೀರನ್ನು ಅಳೆದರು, ಹುಲ್ಲನ್ನು ಅಳೆದರು, ಹಕ್ಕಿಗಳನ್ನು ಎಣಿಸಿದರು. ಆ ಜೌಗಿಗೆ ಎಮ್ಮೆಯ ಮೇವು ಅಗತ್ಯವೆಂದು ತಾವೇ ಬರೆದರು. ತಮ್ಮ ಹಿರಿಯರ ಅಭಿಪ್ರಾಯಕ್ಕೆ ವಿರೋಧವಾದ ಫಲವನ್ನು ಮುಚ್ಚಿಡದೆ ಅಚ್ಚುಹಾಕಿಸಿದ ಆ ಪ್ರಾಮಾಣಿಕತೆ ನನಗೆ ದೊಡ್ಡದಾಗಿ ಕಾಣುತ್ತದೆ. ಆದರೆ ಎಣಿಕೆ ಮುಗಿಯುವ ಮೊದಲೇ ಹಾರಿದ ಗುಂಡನ್ನು ಹಿಂದಕ್ಕೆ ಕರೆಯುವುದು ಯಾವ ವರದಿಯಿಂದಲೂ ಆಗದು. ಪ್ರಕೃತಿಯ ರಕ್ಷಣೆಯ ಹೆಸರಿನಲ್ಲಿ ಅವಸರಪಟ್ಟರೆ ಬಡವನ ಮೇಲೂ ಪ್ರಕೃತಿಯ ಮೇಲೂ ಒಟ್ಟಿಗೆ ಅನ್ಯಾಯವಾಗುತ್ತದೆ ಎನ್ನುವುದಕ್ಕೆ ಭರತಪುರ ಸಾಕ್ಷಿ.

ಈ ಮೂರು ಕಥೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಒಳ್ಳೆಯ ಸಂಶೋಧನೆ ಪ್ರಾರಂಭವಾಗುವುದು ಬಹುಮಟ್ಟಿಗೆ ಯಾರೋ ಒಬ್ಬ ಸ್ಥಳೀಯನ ಮಾತಿನಿಂದ. ಆ ಮಾತು ಕನ್ನಡದಲ್ಲಿರುತ್ತದೆ, ಮಿಜೋ ಭಾಷೆಯಲ್ಲಿರುತ್ತದೆ, ಬ್ರಜದಲ್ಲಿರುತ್ತದೆ. ಅಲ್ಲಿಂದ ಹೊರಟ ಶೋಧನೆ ಅಂಕಿಗಳಾಗಿ, ನಕ್ಷೆಗಳಾಗಿ, ಇಂಗ್ಲಿಷಿನ ಪ್ರಬಂಧವಾಗಿ ದೂರದ ಗ್ರಂಥಾಲಯವನ್ನು ಸೇರುತ್ತದೆ. ಹೋಗುವುದು ತಪ್ಪಲ್ಲ, ಲೋಕದ ವಿದ್ವಾಂಸರೆದುರು ಪರೀಕ್ಷೆಗೆ ನಿಲ್ಲಲೇಬೇಕು. ಮರಳಿ ಬಾರದಿರುವುದು ತಪ್ಪು. ಮಾತು ಕೊಟ್ಟವನಿಗೆ ಉತ್ತರ ತಲಪುವವರೆಗೆ ಸಂಶೋಧನೆ ಅರ್ಧ ದಾರಿಯಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ.

ಇದು ಬರಿಯ ಭಾಷಾಭಿಮಾನದ ಮಾತಲ್ಲ. ಮರಳಿ ಬಾರದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಪಶ್ಚಿಮಘಟ್ಟದಲ್ಲಿ ಕಂಡಿದ್ದೇವೆ. 2010ರಲ್ಲಿ ಕೇಂದ್ರ ಸರ್ಕಾರ ಗಾಡ್ಗೀಳರ ಅಧ್ಯಕ್ಷತೆಯಲ್ಲಿಯೇ ಪಶ್ಚಿಮಘಟ್ಟಗಳ ಪರಿಸರವನ್ನು ಕುರಿತು ಒಂದು ತಜ್ಞರ ಸಮಿತಿಯನ್ನು ನೇಮಿಸಿತು. ಸಮಿತಿ 2011ರಲ್ಲಿ ವರದಿಯನ್ನು ಒಪ್ಪಿಸಿತು. ಅದು ಸಾರ್ವಜನಿಕರ ಕೈಗೆ ಬಂದುದು 2012ರಲ್ಲಿ. ಅದೂ ಮಾಹಿತಿ ಹಕ್ಕಿನ ಹೋರಾಟವಾಗಿ, ನ್ಯಾಯಾಲಯದವರೆಗೆ ಹೋದ ಮೇಲೆ. ವರದಿ ಇದ್ದುದು ಇಂಗ್ಲಿಷಿನಲ್ಲಿ. ಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಮೂರು ವಲಯಗಳಾಗಿ ವಿಂಗಡಿಸಿ, ಎಲ್ಲಿ ಏನು ಕೂಡದು, ಎಲ್ಲಿ ಏನು ಆಗಬಹುದು ಎಂದು ಅದು ಸೂಚಿಸಿತ್ತು. ಕೊನೆಯ ನಿರ್ಧಾರ ಗ್ರಾಮಸಭೆಗಳೊಡನೆ ಚರ್ಚಿಸಿ ಆಗಬೇಕೆಂಬುದು ಅದರ ಆಶಯ. ವರದಿಯನ್ನು ಆಯಾ ನಾಡಿನ ಭಾಷೆಗೆ ತಂದು ಜನರ ಮುಂದಿಡಬೇಕೆಂದು ಗಾಡ್ಗೀಳರು ಒತ್ತಿ ಹೇಳಿದ್ದರು.

ಆದರೆ ವರದಿ ಬರುವ ಮೊದಲೇ ವದಂತಿ ಬಂದಿತು. ವರದಿ ಇಂಗ್ಲಿಷಿನಲ್ಲಿತ್ತು, ವದಂತಿ ಅಚ್ಚಗನ್ನಡದಲ್ಲಿತ್ತು. ಮನೆ ಕಟ್ಟುವಂತಿಲ್ಲವಂತೆ, ದನ ಸಾಕುವಂತಿಲ್ಲವಂತೆ, ತೋಟ ಬಿಟ್ಟು ಏಳಬೇಕಂತೆ ಎಂಬ ಮಾತುಗಳು ಊರಿಂದೂರಿಗೆ ಹಬ್ಬಿದವು. 2012ರಲ್ಲಿ ಕಸ್ತೂರಿರಂಗನ್ನರ ಅಧ್ಯಕ್ಷತೆಯಲ್ಲಿ ಇನ್ನೊಂದು ಸಮಿತಿಯಾಯಿತು. 2013ರಲ್ಲಿ ಅದರ ವರದಿಯೂ ಬಂದಿತು. 2014ರಿಂದ ಕರಡು ಅಧಿಸೂಚನೆಗಳು ಒಂದರ ಮೇಲೊಂದು ಹೊರಟವು. 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಈ ವರದಿಗಳು ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಮಲೆನಾಡಿನ ರೈತನ ಭಯವನ್ನು ಹಗುರವಾಗಿ ಕಾಣುವ ಮನಸ್ಸೂ ನನಗಿಲ್ಲ. ಕಾನೂನಿನ ಹೆಸರಿನಲ್ಲಿ ಬಂದವರಿಂದ ಅವನು ಹಿಂದೆ ನೊಂದಿದ್ದಾನೆ. ಓದಿ ಒಪ್ಪದೆ ಹೋದರೆ ಅದು ಪ್ರಜೆಯ ಹಕ್ಕು. ಆದರೆ ಓದುವ ಅವಕಾಶವೇ ಇಲ್ಲದವನ ಒಪ್ಪಿಗೆಗೂ ಬೆಲೆಯಿಲ್ಲ, ವಿರೋಧಕ್ಕೂ ಬೆಲೆಯಿಲ್ಲ. ಅವನ ಹೆಸರಿನಲ್ಲಿ ಇನ್ನಾರೋ ಮಾತನಾಡುತ್ತಾರೆ. ಗಣಿಯ ಒಡೆಯನೂ ರೈತನ ಹೆಸರಿನಲ್ಲಿಯೇ ಮಾತನಾಡಬಲ್ಲ.

"ವಿಜ್ಞಾನಕ್ಕೆ ಭಾಷೆಯ ಹಂಗೇಕೆ? ಕನ್ನಡದಲ್ಲಿ ಅದಕ್ಕೆ ತಕ್ಕ ಶಬ್ದಗಳೆಲ್ಲಿವೆ?" ಎಂದು ಕೇಳುವವರುಂಟು. ಇದು ಹಳೆಯ ಪ್ರಶ್ನೆ; ಇದಕ್ಕೆ ಉತ್ತರವೂ ಹಳೆಯದೇ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿಯೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಅದು ಎರಡು ವರ್ಷ ನಡೆದು ನಿಂತಿತು. ಆದರೆ ಶಬ್ದವಿಲ್ಲದೆ ನಿಲ್ಲಲಿಲ್ಲ. ಶಿವರಾಮ ಕಾರಂತರು ಒಬ್ಬರೇ ಕುಳಿತು 'ವಿಜ್ಞಾನ ಪ್ರಪಂಚ'ದ ಸಂಪುಟಗಳನ್ನು ಬರೆದರು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನೇ ಪಡೆಯಿತು. ಗಿಡಮರಗಳ ವಿಷಯವನ್ನು ಕಥೆಯಂತೆ ಓದಿಸಿಕೊಂಡು ಹೋಗುವ ಪುಸ್ತಕ ಅದು. ತೇಜಸ್ವಿಯವರ 'ಕರ್ವಾಲೊ'ದಲ್ಲಿ ಹಾರುವ ಓತಿಯನ್ನು ಅರಸಿ ಹೊರಟ ವಿಜ್ಞಾನಿ, ಊರಿನವರೆಲ್ಲ ಪೆದ್ದನೆಂದು ನಗುವ ಮಂದಣ್ಣನ ಕಣ್ಣನ್ನು ನಂಬುತ್ತಾನೆ. ನಾವು ಅದನ್ನು ಪಾಠ ಮಾಡುತ್ತೇವೆ, ಪಾತ್ರಚಿತ್ರಣವನ್ನು ಕುರಿತು ಹತ್ತು ಅಂಕದ ಪ್ರಶ್ನೆ ಕೇಳುತ್ತೇವೆ. ನಮ್ಮ ಸುತ್ತಲಿನ ಮಂದಣ್ಣಂದಿರ ಮಾತನ್ನು ಬರೆದಿಡಬೇಕೆಂದು ಮಾತ್ರ ನಮಗೆ ತೋರುವುದಿಲ್ಲ.

ಶಬ್ದಗಳ ವಿಷಯದಲ್ಲಿಯೂ ದೋಷ ಕನ್ನಡದ್ದಲ್ಲ, ನಮ್ಮದು. ಇಂಗ್ಲಿಷಿನ ಪಾರಿಭಾಷಿಕ ಶಬ್ದ ಎದುರಾದೊಡನೆ ನಾವು ಕುಳಿತಲ್ಲಿಯೇ ಸಂಸ್ಕೃತದಿಂದ ನಾಲ್ಕು ಅಕ್ಷರದ ಪದವೊಂದನ್ನು ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಈ ಅಪರಾಧದಲ್ಲಿ ನಾನೂ ಪಾಲುದಾರ. ಕಳಲೆ, ಗಿಣ್ಣು, ಮೆಳೆ, ಬಿದಿರಕ್ಕಿ ಎಂಬ ಶಬ್ದಗಳನ್ನು ನೋಡಿ. ಪ್ರತಿಯೊಂದೂ ಯಾರೋ ಒಬ್ಬ ಗಮನವಿಟ್ಟು ನೋಡಿ ಇಟ್ಟ ಹೆಸರು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ 'ತರಗು ಬೆಂಕಿ' ಎಂಬ ಮಾತುಂಟು: ಬೇಸಗೆ ಬಲಿಯುವ ಮೊದಲೇ ನೆಲದ ಒಣಗಿದ ಎಲೆಗಳಿಗೆ ಇಡುವ ಸಣ್ಣ ಬೆಂಕಿ. ಕಾಡಿನಲ್ಲಿ ಬೆಂಕಿಯಿಡುವುದು ನಿಷಿದ್ಧವಾದ ಮೇಲೆ ಲಂಟಾನದ ಮೆಳೆ ಬೆಟ್ಟವನ್ನೆಲ್ಲ ಆವರಿಸಿತೆಂದು ಸೋಲಿಗರು ಹೇಳುತ್ತ ಬಂದರು. ಬೆಂಗಳೂರಿನ ಅಶೋಕ ಪರಿಸರ ಸಂಶೋಧನ ಸಂಸ್ಥೆಯವರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಅಧ್ಯಯನ ನಡೆಸಿದರು. ದೊಡ್ಡ ಬೆಂಕಿಗೂ ತರಗು ಬೆಂಕಿಗೂ ಇರುವ ಅಂತರ ಆ ಎರಡು ಶಬ್ದಗಳಲ್ಲಿಯೇ ಇದೆ. ಅದು ನಶಿಸಿದರೆ ನಿಘಂಟಿಗೆ ಒಂದು ಪದ ಕಡಮೆಯಾಗುವುದಷ್ಟೇ ಅಲ್ಲ, ಶೋಧನೆಗೆ ಒಂದು ಬಾಗಿಲೇ ಮುಚ್ಚಿಹೋಗುತ್ತದೆ.

ಹಾಗಾದರೆ ಮಾಡಬೇಕಾದುದೇನು? ನನ್ನ ಬೇಡಿಕೆ ದೊಡ್ಡದಲ್ಲ. ನಮ್ಮ ರಾಜ್ಯದ ಕಾಡು, ಕೆರೆ, ನದಿ, ಮಣ್ಣುಗಳನ್ನು ಕುರಿತು ಸಾರ್ವಜನಿಕ ಹಣದಿಂದ ನಡೆಯುವ ಪ್ರತಿಯೊಂದು ಅಧ್ಯಯನದ ಸಾರವೂ ಹತ್ತು ಪುಟದಲ್ಲಾದರೂ ಕನ್ನಡದಲ್ಲಿ ಅಚ್ಚಾಗಿ, ಅಧ್ಯಯನ ನಡೆದ ಊರಿನ ಪಂಚಾಯಿತಿಗೂ ಶಾಲೆಗೂ ತಲಪಬೇಕು. ಇದು ವಿಜ್ಞಾನಿಗೆ ಮಾಡುವ ಉಪಕಾರವೂ ಹೌದು. ತನ್ನ ಮಾತನ್ನು ಬಿದಿರು ಹೆಣೆಯುವವನೆದುರು ಹೇಳಬೇಕಾಗಿ ಬಂದರೆ ಅದರ ಜೊಳ್ಳು ಅವನಿಗೇ ಕಾಣುತ್ತದೆ. ಹೇಗೂ ಎದುರಿಗಿರುವವನು ಅದೇ ಮೆಳೆಯನ್ನು ಐವತ್ತು ವರ್ಷ ನೋಡಿದವನು.

ಆ ಹತ್ತು ಪುಟವನ್ನು ಬರೆಯುವವರು ಯಾರು? ಇಲ್ಲಿ ನಾನು ನನ್ನ ವೃತ್ತಿಬಾಂಧವರ ಕಡೆಗೆ ತಿರುಗುತ್ತೇನೆ. ಪ್ರತಿಯೊಂದು ಕಾಲೇಜಿನಲ್ಲಿಯೂ ಕನ್ನಡ ವಿಭಾಗವಿದೆ, ಹಲವು ಕಡೆ ಪಕ್ಕದ ಕೊಠಡಿಯಲ್ಲಿಯೇ ಸಸ್ಯಶಾಸ್ತ್ರದ, ಪ್ರಾಣಿಶಾಸ್ತ್ರದ ವಿಭಾಗವಿದೆ. ನಡುವೆ ಒಂದು ಗೋಡೆ ಮಾತ್ರ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಊರೂರಿನಲ್ಲಿಯೂ ಸಮಿತಿಯಿದ್ದು, ಅಲ್ಲಿಯ ಗಿಡ, ಪ್ರಾಣಿ, ಅವನ್ನು ಕುರಿತ ಜನರ ತಿಳಿವಳಿಕೆ ಇವುಗಳ ದಾಖಲೆಯನ್ನು ಬರೆದಿಡಬೇಕು. ಒಂದು ಊರಿನದನ್ನು ನೋಡಿ ಇನ್ನೊಂದು ಊರಿನವರು ನಕಲು ಮಾಡಿದರೆ ಆ ದಾಖಲೆ ಗೆದ್ದಲಿಗೆ ಮೇವು. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಅಜ್ಜ ಅಜ್ಜಿಯರ ಮಾತನ್ನು ಕೇಳಿ ಬರೆದುತಂದರೆ, ವಿಜ್ಞಾನದ ಉಪಾಧ್ಯಾಯರು ಅದನ್ನು ಕೇರಿ ನೋಡಿದರೆ, ಅದೇ ದಾಖಲೆ ನಾಳೆಯ ಸಂಶೋಧನೆಗೆ ಬೀಜವಾಗುತ್ತದೆ. ಹಳಗನ್ನಡದ ಓಲೆಗರಿಗಳನ್ನು ಹುಡುಕಿ ಉಳಿಸಿದ ಪರಂಪರೆ ನಮ್ಮದು. ಇಂದು ಕಣ್ಮರೆಯಾಗುತ್ತಿರುವುದು ಬಾಯಿಮಾತಿನ ಓಲೆ. ಅದಕ್ಕೆ ಪಾಠಾಂತರವಿಲ್ಲ, ಒಬ್ಬ ಮುದುಕನೊಡನೆ ಒಂದು ಪ್ರತಿ ಹೋದರೆ ಹೋಯಿತು.

ಬರಹಗಳನ್ನು ಓದಿದ ಮರುವಾರ ನಾನು ಅದೇ ತರಗತಿಗೆ ಹೋಗಿ, ಪಾಠವನ್ನು ಬದಿಗಿಟ್ಟು, ಮೆಳೆಯ ಬುಡದ ಮುಳ್ಳಿನ ಕಥೆಯನ್ನು ಹೇಳಿದೆ. ಕೊನೆಯ ಬೆಂಚಿನ ಹುಡುಗ ಗಂಟೆ ಹೊಡೆದ ಮೇಲೆ ನನ್ನ ಹಿಂದೆಯೇ ಬಂದು, "ಸಾರ್, ಅದು ಕನ್ನಡದಲ್ಲಿದ್ದರೆ ಕೊಡಿ. ಅಜ್ಜನಿಗೆ ಓದಿ ಹೇಳುತ್ತೇನೆ" ಎಂದ. ಕೊಡಲು ನನ್ನ ಬಳಿ ಏನೂ ಇರಲಿಲ್ಲ. ಅಂದು ಸಂಜೆ ನಾನೇ ಕುಳಿತು ನಾಲ್ಕು ಪುಟ ಬರೆದೆ. ಅವನು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದ.

ಸೋಮವಾರ ಬಂದು ಹೇಳಿದ: "ಅಜ್ಜ ಪೂರ್ತಿ ಕೇಳಿದರು ಸಾರ್. ಬರೆದಿರುವುದು ಸರಿಯಿದೆಯಂತೆ. ಆದರೆ ಕಾಡುಹಂದಿಯನ್ನು ಬಿಟ್ಟಿದ್ದಾರೆ, ಅದೂ ಕಳಲೆ ತಿನ್ನುತ್ತದೆ, ಸೇರಿಸಲು ಹೇಳು ಅಂದರು."

ಸೇರಿಸಿದ್ದೇನೆ.